ಇರುಂಗಾಟ್ಟುಕೋಟೈಯಲ್ಲಿ ನಮ್ಮ ಜಾವಾ

ಚೆನ್ನೈಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯನ್ನು ಇಲ್ಲಿಯ ಕನ್ನಡಿಗರಿಗೆ ಹೊಸದಾಗಿ ಪರಿಚಯ ಮಾಡಿಕೊಡಬೇಕಾಗಿಲ್ಲ. ಮದುವೆಗೆ, ತಿಥಿಗೆ, ಬೇಸಗೆಯ ರಜಕ್ಕೆ ನಾವೆಲ್ಲ ಊರಿಗೆ ಹೋಗುವುದು ಅದೇ ದಾರಿಯಲ್ಲಿ. ಪೂನಮಲ್ಲಿ ದಾಟುವ ಹೊತ್ತಿಗೆ ಮಕ್ಕಳು ತಿಂಡಿಯ ಡಬ್ಬಿ ಬಿಚ್ಚುತ್ತಾರೆ. ಶ್ರೀಪೆರುಂಬುದೂರು ಬರುವಷ್ಟರಲ್ಲಿ ಡಬ್ಬಿ ಬರಿದಾಗಿರುತ್ತದೆ. ಅವೆರಡರ ನಡುವೆ ಇರುಂಗಾಟ್ಟುಕೋಟೈ ಎಂಬ ಊರೊಂದು ಇದೆಯೆಂಬುದನ್ನು ನಲವತ್ತು ವರ್ಷ ಓಡಾಡಿಯೂ ನಾನು ಸರಿಯಾಗಿ ಗಮನಿಸಿರಲಿಲ್ಲ. 2024ರ ಜನವರಿಯಲ್ಲಿ, ಪೊಂಗಲ್ ಕಳೆದ ವಾರ, ಅಲ್ಲಿಗೆಂದೇ ಹೊರಡುವ ಪ್ರಸಂಗ ಬಂದಿತು.

ಕಾರಣ, ನಮ್ಮ ಅಣ್ಣನ ಜಾವಾ ಮೋಟಾರ್ ಸೈಕಲ್. ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಜಾವಾ ತಯಾರಾಗತೊಡಗಿದುದು, ಮುಂದೆ ಅದೇ ಕಾರ್ಖಾನೆಯಿಂದ ಯೆಜ್ಡಿ ಹೊರಟುದು, 1996ರಲ್ಲಿ ಅದರ ಬಾಗಿಲು ಮುಚ್ಚಿದುದು ಹಿರಿಯ ವಾಚಕರಿಗೆ ತಿಳಿದ ಸಂಗತಿ. (ಅದೇ ವರ್ಷ ಮದರಾಸು ಚೆನ್ನೈಯಾಯಿತು. ಎರಡು ಹೆಸರುಗಳೂ ಒಟ್ಟಿಗೆ ಹೋದವು ನೋಡಿ.) ಅಣ್ಣ ಅದನ್ನು 1972ರಲ್ಲಿ ಕೊಂಡ. ಮದುವೆಯಾದ ಮೇಲೆ ಅತ್ತಿಗೆಯನ್ನು ಹಿಂದೆ ಕೂಡಿಸಿಕೊಂಡು ಇದೇ ರಸ್ತೆಯಲ್ಲಿ ಮದರಾಸಿಗೆ ಬಂದು ಸಂಸಾರ ಹೂಡಿದ. ಅವನು ಹೋಗಿ ಮೂರು ವರ್ಷವಾಯಿತು, ಬಂಡಿ ಉಳಿದಿದೆ. ಅದರಲ್ಲಿಯೇ ಮೈಸೂರಿಗೆ ಹೋಗಿಬರಬೇಕೆಂಬುದು ಅವನ ಮಗನ ಹಟ. ಹುಡುಗನಿಗೆ ನಲವತ್ತು ಹತ್ತಿರ ಬಂದಿದೆ, ಆದರೂ ನಮಗೆ ಹುಡುಗನೇ.

ಹೊರಡುವ ಮುನ್ನ ಬಂಡಿಯನ್ನು ಒಂದು ಸುತ್ತು ಓಡಿಸಿದಾಗ ಮೇಲ್ಸೇತುವೆಯ ಮೇಲೆ ಎಂಜಿನ್ ಒಮ್ಮೆ ಹಿಡಿದುಕೊಂಡು ಬಿಟ್ಟಿತಂತೆ. ‘ಸೀಜ್’ ಎನ್ನುತ್ತಾರಲ್ಲ, ಅದು. “ಡೈನೋ ಮೇಲೆ ಹಾಕಿಸೋಣ ಚಿಕ್ಕಪ್ಪ” ಎಂದ. ಬೀದಿಯ ಮೆಕ್ಯಾನಿಕ್ಕು ಹೌಹಾರಿದ: ಉರುಳೆಯ ಮೇಲೆ ಕಟ್ಟಿ ಕಿರುಚಿಸಿದರೆ ಹಳೆಯ ಎಂಜಿನ್ ಚೂರಾಗುತ್ತದೆ ಎಂದು. ಈ ಮಾತು ಅತ್ತಿಗೆಯ ಕಿವಿಗೆ ಬಿತ್ತು. “ಒಡೆದು ಮಾತ್ರ ತರಬೇಡಿ” ಎಂದಷ್ಟೇ ಹೇಳಿ ಒಳಗೆ ಹೋದರು.

ಬಂಡಿಯನ್ನು ಸಣ್ಣದೊಂದು ಟೆಂಪೋಕ್ಕೆ ಏರಿಸಿದೆವು. ಇಲ್ಲಿಯವರು ಅದನ್ನು ‘ಕುಟ್ಟಿ ಯಾನೈ’, ಮರಿಯಾನೆ ಎನ್ನುತ್ತಾರೆ. ಆನೆಯ ಬೆನ್ನಿನ ಮೇಲೆ ಜಾವಾ, ಮೈಸೂರಿನದಲ್ಲವೆ, ಒಪ್ಪಿತು.

ಇರುಂಗಾಟ್ಟುಕೋಟೈಯಲ್ಲಿ ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಪಂದ್ಯದ ಹಾದಿ ಇದೆ. ಮೊದಲು ಈ ಪಂದ್ಯಗಳು ನಡೆಯುತ್ತಿದ್ದುದು ಶೋಳವರದಲ್ಲಿ, ಎರಡನೆಯ ಮಹಾಯುದ್ಧದ ಕಾಲದ ವಿಮಾನದ ಓಡುದಾರಿಯ ಮೇಲೆ. ಅಣ್ಣ ನನ್ನನ್ನು ಅಲ್ಲಿಗೆ ಕರೆದೊಯ್ದಿದ್ದ. ನನಗೆ ನೆನಪಿರುವುದು ಬಿಸಿಲು, ಧೂಳು ಮತ್ತು ಎರಡು ದಿನ ಹೋಗದ ಕಿವಿಯ ಮೊರೆತ. ಈಗಿನ ಹಾದಿಯ ಸುತ್ತ ಕಾರ್ಖಾನೆಗಳೂ ಲಾರಿಗಳೂ ಗಿಜಿಗುಟ್ಟುತ್ತಿವೆ. ನಾವು ಹೋದ ಷೆಡ್ಡು ಹೆದ್ದಾರಿಯಿಂದ ಒಂದಿಷ್ಟು ಒಳಗೆ, ತಗಡಿನ ಸೂರಿನದು.

ಷೆಡ್ಡಿನ ಯಜಮಾನರು ಐವತ್ತೈದರ ತಮಿಳು ಗೃಹಸ್ಥರು, ಮಿತಭಾಷಿ. ಡೈನೋ ಎಂಬುದನ್ನು ನಾನು ಯಾವುದೋ ಮಹಾಯಂತ್ರವೆಂದು ತಿಳಿದಿದ್ದೆ. ನೋಡಿದರೆ, ನೆಲದ ಮಟ್ಟದಲ್ಲಿ ಒಂದು ದಪ್ಪ ಉಕ್ಕಿನ ಉರುಳೆ. ಮುಂದಿನ ಚಕ್ರವನ್ನು ಬಿಗಿದು, ಹಿಂದಿನ ಚಕ್ರವನ್ನು ಉರುಳೆಯ ಮೇಲೆ ನಿಲ್ಲಿಸಿ, ಪಟ್ಟಿಗಳಿಂದ ಕಟ್ಟುತ್ತಾರೆ. ಉರುಳೆಯ ಭಾರ ಗೊತ್ತಿದೆ. ಅಷ್ಟು ಭಾರವನ್ನು ಚಕ್ರ ಎಷ್ಟು ಬೇಗ ತಿರುಗಿಸಿತೆಂಬುದರಿಂದ ಎಂಜಿನ್ನಿನ ಶಕ್ತಿಯ ಲೆಕ್ಕ ಸಿಕ್ಕುತ್ತದೆ. ಒಂದು ಓಟ ಹತ್ತು ಹದಿನೈದು ಸೆಕೆಂಡು, ಅಷ್ಟೆ.

“ಇದರಿಂದ ಎಂಜಿನ್ ಹಾಳಾಗುವುದಿಲ್ಲವೆ?” ಎಂದು ನೇರವಾಗಿ ಕೇಳಿದೆ. ಅವರು ಉತ್ತರ ಹೇಳಲಿಲ್ಲ. “ಮೊದಲು ಬಿಚ್ಚಿ ನೋಡುತ್ತೇನೆ ಸಾರ್. ಎರಡು ಗಂಟೆ ಬಿಟ್ಟು ಬನ್ನಿ” ಎಂದರು.

ಎರಡು ಗಂಟೆ ಏನು ಮಾಡುವುದು? ಬಸ್ಸು ಹತ್ತಿ ಶ್ರೀಪೆರುಂಬುದೂರಿಗೆ ಹೋದೆವು. ರಾಮಾನುಜರು ಹುಟ್ಟಿದ ಊರು. ನಮ್ಮ ಮೇಲುಕೋಟೆಯಲ್ಲಿ ಅವರು ವರ್ಷಗಟ್ಟಲೆ ನೆಲೆಸಿದ್ದುದರಿಂದ ನಮಗೂ ನೆಂಟರ ಊರೇ. ಆದಿಕೇಶವ ಪೆರುಮಾಳ್ ದೇವಸ್ಥಾನದಲ್ಲಿ ಜನ ಕಡಿಮೆಯಿದ್ದರು. ಪ್ರಾಕಾರದ ಕಲ್ಲು ತಣ್ಣಗಿತ್ತು. ಹುಡುಗ ಕಣ್ಣು ಮುಚ್ಚಿ ಕೈಮುಗಿದು ಬಹಳ ಹೊತ್ತು ನಿಂತ. ಅವನು ಬೇಡಿಕೊಂಡುದು ಪಿಸ್ಟನ್ನಿನ ಕ್ಷೇಮವನ್ನೇ ಎಂದು ನನ್ನ ಗುಮಾನಿ.

ಹಿಂದಿರುಗಿದಾಗ ಪಿಸ್ಟನ್ ಮೇಜಿನ ಮೇಲಿತ್ತು. ಹೊಗೆ ಹೊರಹೋಗುವ ಕಡೆಯಲ್ಲಿ ಸಣ್ಣ ಗೀರುಗಳು. ಕನೆಕ್ಟಿಂಗ್ ರಾಡನ್ನು ಹಿಡಿದು ಮೇಲಕ್ಕೂ ಕೆಳಕ್ಕೂ ಎಳೆದು ತೋರಿಸಿದರು, ಅಲುಗಾಟವಿರಲಿಲ್ಲ. ಬೇರಿಂಗ್ ಸವೆದಿದ್ದರೆ ಡೈನೋ ಬೇಡವೆಂದು ಹಿಂದಕ್ಕೆ ಕಳುಹಿಸುತ್ತಿದ್ದರಂತೆ. ಹೊಸ ಪಿಸ್ಟನ್ ಹಾಕಿದ್ದರೂ ಅಷ್ಟೆ. ಅದು ನಿಧಾನವಾಗಿ ಓಡಿ ಪಳಗಬೇಕು. ಗೀರುಗಳನ್ನು ನಯಮಾಡಿ ಜೋಡಿಸುತ್ತ ಈಗ ಮಾತಿಗೆ ಬಂದರು.

ಜಾವಾದ ಪಿಸ್ಟನ್ ಒಂದು ಸಲಕ್ಕೆ 75 ಮಿಲಿಮೀಟರ್ ಚಲಿಸುತ್ತದೆ. ನಿಮಿಷಕ್ಕೆ 5,000 ಸುತ್ತಾದರೆ ಅದರ ಸರಾಸರಿ ವೇಗ ಸೆಕೆಂಡಿಗೆ ಹನ್ನೆರಡೂವರೆ ಮೀಟರ್, ಅಂದರೆ ಗಂಟೆಗೆ 45 ಕಿಲೋಮೀಟರ್. ಅಷ್ಟು ವೇಗದಲ್ಲಿ ಹೋಗುತ್ತ ನಿಮಿಷಕ್ಕೆ ಹತ್ತು ಸಾವಿರ ಸಲ ನಿಂತು ಹಿಂದಿರುಗಬೇಕು! ಸುತ್ತು ಎರಡರಷ್ಟಾದರೆ ಈ ಜಗ್ಗಾಟ ನಾಲ್ಕರಷ್ಟಾಗುತ್ತದೆ. ಆದ್ದರಿಂದ ಪ್ರತಿ ಎಂಜಿನ್ನಿಗೂ ಒಂದು ಮಿತಿ. ಈಗಿನ ಬಂಡಿಗಳಲ್ಲಿ ಆ ಮಿತಿಯನ್ನು ಕಾಯುವ ಎಲೆಕ್ಟ್ರಾನಿಕ್ ಕಾವಲುಗಾರನಿರುತ್ತಾನೆ. ಟ್ಯೂನಿಂಗ್ ಹೆಸರಿನಲ್ಲಿ ಅವನನ್ನು ಮೇಲಕ್ಕೆ ತಳ್ಳಿದರೆ ವಾಲ್ವುಗಳು ಹಿಂದೆ ಬಿದ್ದು ಪಿಸ್ಟನ್ನಿಗೆ ಬಡಿದಾವು. ಜಾವಾಕ್ಕೆ ವಾಲ್ವೂ ಇಲ್ಲ, ಕಾವಲುಗಾರನೂ ಇಲ್ಲ. ನಡೆಸುವವನ ಕೈಯೇ ಕಾವಲು.

“ಮಿತಿಯೊಳಗೆ ಹತ್ತು ಸೆಕೆಂಡು ಕೂಗಿದರೆ ಯಾವ ಒಳ್ಳೆಯ ಎಂಜಿನ್ನೂ ಸಾಯುವುದಿಲ್ಲ ಸಾರ್. ಬಿಸಿಗೆ ಸಾಯುತ್ತದೆ, ಎಣ್ಣೆಯಿಲ್ಲದೆ ಸಾಯುತ್ತದೆ” ಎಂದರು. ಉರುಳೆಯ ಮೇಲೆ ಬಂಡಿ ನಿಂತಲ್ಲೇ ಓಡುವುದರಿಂದ ಎದುರುಗಾಳಿ ಇಲ್ಲ. ಅದಕ್ಕೇ ಮುಂದೆ ಆಳೆತ್ತರದ ಫ್ಯಾನು. ಬ್ರೇಕ್ ಹಾಕಿ ಒಂದೇ ವೇಗದಲ್ಲಿ ನಿಮಿಷಗಟ್ಟಲೆ ಹಿಡಿದಿಡುವ ಡೈನೋಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಅದಲ್ಲದೆ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚಾದರೂ ಬಿಸಿ ಏರುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿದೆ. 2023ರಿಂದ ಶೇಕಡಾ 20ರ ಮಿಶ್ರಣವೂ ಬಂದಿತು. ಎಥನಾಲಿನಲ್ಲಿ ಆಮ್ಲಜನಕವಿರುವುದರಿಂದ ಅಂದಿನ ಅಳತೆಯ ಜೆಟ್ಟಿಗೆ ಇಂದು ಮಿಶ್ರಣ ತೆಳುವಾಗುತ್ತದೆ. ಮೇಲ್ಸೇತುವೆಯ ಮೇಲೆ ನಡೆದುದು ಇದೇ ಎಂದು ಅವರ ಅನುಮಾನ.

ಮೊದಲು ಅರ್ಧ ವೇಗದಲ್ಲಿ ಎರಡು ಓಟ. ಆಮೇಲೆ ಮೂರನೆಯ ಗೇರಿನಲ್ಲಿ ಪೂರ್ತಿ. ತಗಡಿನ ಸೂರು ನಡುಗಿತು, ನೀಲಿ ಹೊಗೆ ತುಂಬಿತು. ಹುಡುಗನ ಕೈ ನನ್ನ ತೋಳನ್ನು ಹಿಡಿದುದು ಅವನಿಗೇ ಗೊತ್ತಿರಲಿಲ್ಲವೆಂದು ತೋರುತ್ತದೆ. 5,000 ಮುಟ್ಟಿದ ಕ್ಷಣವೇ ಯಜಮಾನರು ಕ್ಲಚ್ ಹಿಡಿದು ಸ್ವಿಚ್ಚು ಆರಿಸಿದರು. ಅದರ ಗುಟ್ಟನ್ನು ಆಮೇಲೆ ಹೇಳಿದರು. ಈ ಎಂಜಿನ್ನಿಗೆ ಎಣ್ಣೆ ಬರುವುದು ಪೆಟ್ರೋಲಿನ ಜತೆಯಲ್ಲೇ. ಬರಿದೆ ಥ್ರಾಟಲ್ ಮುಚ್ಚಿದರೆ ಎರಡೂ ನಿಲ್ಲುತ್ತವೆ. ಆದರೆ ಆ ಭಾರದ ಉರುಳೆ ಸುಮ್ಮನಿರುವುದೆ? ಚಕ್ರವನ್ನು, ಚಕ್ರದ ಮೂಲಕ ಒಣಗಿದ ಪಿಸ್ಟನ್ನನ್ನು ತಿರುಗಿಸುತ್ತಲೇ ಇರುತ್ತದೆ. ಡೈನೋದಲ್ಲಿ ಹಳೆಯ ಜಾವಾಗಳನ್ನು ಕೊಂದವರು ಹೆಚ್ಚಾಗಿ ಕೊಂದದ್ದು ವೇಗ ಏರಿಸುವಾಗಲ್ಲ, ಇಳಿಸುವಾಗ ಎಂದರು. ನಮ್ಮ ಬೀದಿಯ ಮೆಕ್ಯಾನಿಕ್ಕು ಕಂಡದ್ದೂ ಅಂಥದೊಂದು ಕೊಲೆಯೇ ಇರಬೇಕು. ಪಾಪ, ಅವನ ಹೆದರಿಕೆ ಸುಳ್ಳಲ್ಲ.

ಎರಡು ತಾಕಿನ ಎಂಜಿನ್ನಿನ ಎಣ್ಣೆಹೊಗೆ ಅಳೆಯುವ ಸಾಧನವನ್ನು ಕೆಡಿಸುವುದರಿಂದ ಅವರು ನಂಬುವುದು ಪ್ಲಗ್ಗಿನ ಬಣ್ಣವನ್ನು. ಬಿಚ್ಚಿದರು: ಸುಣ್ಣ ಬಳಿದಂತೆ ಬಿಳಿ. ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದು ಹಾಕಿ, ಎಂಜಿನ್ ಆರುವ ತನಕ ಕಾದು, ಮತ್ತೆ ಓಡಿಸಿದರು. ಇನ್ನೂ ಬಿಳಿಚು. ಮೂರನೆಯ ಸಲ ಪ್ಲಗ್ಗು ಕಾಫಿಪುಡಿಯ ಬಣ್ಣಕ್ಕೆ ಬಂದಿತು. ಕಾಗದದ ಮೇಲಿನ ಗೆರೆ ಹತ್ತು ಕುದುರೆಗಳ ಆಸುಪಾಸಿನಲ್ಲಿ ಬಾಗಿತ್ತು. ಹುಡುಗನಿಗೆ ಸ್ವಲ್ಪ ನಿರಾಸೆಯಾಯಿತು. ನನಗೆ ಪ್ಲಗ್ಗಿನ ಬಣ್ಣವೇ ಸಾಕಾಗಿತ್ತು.

ಮನೆಗೆ ಟೆಲಿಫೋನ್ ಮಾಡಿದೆ. “ಒಡೆಯಿತೇ?” ಎಂದರು ಅತ್ತಿಗೆ. ಇಲ್ಲವೆಂದೆ. “ಶಬ್ದ ಹೇಗಿದೆ?” ಎಂದರು. ಹುಡುಗ ಗೇರಿನ ಲಿವರನ್ನು ಒಳಕ್ಕೊತ್ತಿ ಮೇಲಕ್ಕೆ ತಿರುಗಿಸಿ (ಜಾವಾದಲ್ಲಿ ಕಿಕ್ಕೂ ಗೇರೂ ಒಂದೇ ಕಡ್ಡಿಯಲ್ಲವೆ) ಒಂದು ಒದೆ ಒದ್ದ. ಫೋನನ್ನು ಸೈಲೆನ್ಸರಿನ ಹತ್ತಿರ ಹಿಡಿದೆ. ಅತ್ತ ಕಡೆಯಿಂದ ಬಹಳ ಹೊತ್ತು ಮಾತಿರಲಿಲ್ಲ. ಆಮೇಲೆ, “ಕತ್ತಲಾಗುವ ಮೊದಲು ಬನ್ನಿ, ಸಾರಿಗೆ ಇಟ್ಟಿದ್ದೇನೆ” ಎಂದರು.

ಕುಟ್ಟಿ ಯಾನೈಯನ್ನು ಬರಿದಾಗಿಯೇ ಮುಂದೆ ಕಳುಹಿಸಿ, ನಾನು ಹುಡುಗನ ಹಿಂದೆ ಹತ್ತಿ ಕುಳಿತೆ.