ಬ್ಯಾರನ್ ಬೆಳಕಿನಲ್ಲಿ ರೋಡ್‌ಕಿಂಗ್

ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಮುಂದೆ ರಾತ್ರಿ ಕಾವಲು ಕೂತವರಿಗೆ ಹೆಚ್ಚು ಕೆಲಸ ಇರುವುದಿಲ್ಲ. ಒಲೆಗೆ ಸೌದೆ ತುರುಕುವುದು, ಗಾಜಿನ ಕಿಂಡಿಗೆ ಟಾರ್ಚ್ ಹಿಡಿದು ಥರ್ಮಾಮೀಟರ್ ನೋಡುವುದು, ಮತ್ತೆ ಬಂದು ಕೂರುವುದು. ಸೊಪ್ಪು ಹಳದಿಗೆ ತಿರುಗುವ ತನಕ ಶಾಖ 100 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು ನಿಲ್ಲಬೇಕು. ಕಡೆಗೆ ದಂಟು ಒಣಗುವ ಹೊತ್ತಿಗೆ 160ಕ್ಕೆ ಏರಬೇಕು. ಅವಸರ ಮಾಡಿದರೆ ಸೊಪ್ಪು ಕೆಡುತ್ತದೆ, ನಿದ್ದೆ ಮಾಡಿದರೆ ಹರಾಜಿನಲ್ಲಿ ಬೆಲೆ ಬೀಳುತ್ತದೆ. ಒಂದು ಬ್ಯಾರನ್ ಇಳಿಯಲು ಐದಾರು ದಿನ. ಆ ರಾತ್ರಿಗಳ ನಿದ್ದೆ ತಡೆಯಲು ನಾನೂ ಬಾವನೂ ಒಂದು ಹಳೇ ಯೆಜ್ಡಿ ಬೈಕನ್ನು ಬಿಚ್ಚಿ ಹರಡಿಕೊಂಡು ಕೂತದ್ದು 1998ರ ಮಳೆಗಾಲದಲ್ಲಿ, ಹುಣಸೂರು ತಾಲ್ಲೂಕಿನ ಹನಗೋಡು ಕಡೆಯ ಮಾವನ ತೋಟದಲ್ಲಿ.

ಬಾವ ಅಂದರೆ ನನ್ನ ಸೋದರಮಾವನ ಮಗ, ನನಗಿಂತ ನಾಲ್ಕು ವರ್ಷ ದೊಡ್ಡವನು. ಆ ವರ್ಷ ಯುಗಾದಿ ಕಳೆದ ಮೇಲೆ ಕೆ.ಆರ್. ನಗರದ ರೈಸ್‌ಮಿಲ್ಲೊಂದರ ಹಿಂದೆ ತೌಡಿನ ಧೂಳು ಹೊದ್ದು ನಿಂತಿದ್ದ 1984ರ ಯೆಜ್ಡಿ ರೋಡ್‌ಕಿಂಗನ್ನು ಆರೂವರೆ ಸಾವಿರಕ್ಕೆ ತಂದಿದ್ದ. "ಆ ದುಡ್ಗೆ ಒಂದು ಜೊತೆ ಹೋರಿಕರ ಬರ್ತಿದ್ವಲ್ಲೋ" ಎಂದು ಅತ್ತೆ ತಿಂಗಳುಗಟ್ಟಲೆ ಅಂದಳು. ಬಾವನ ತಲೆಯಲ್ಲಿ ಬೇರೆಯೇ ಇತ್ತು. ಯಾವುದೋ ಪತ್ರಿಕೆಯಿಂದ ಮರಳುಗಾಡಿನ ಬೈಕ್ ರ್‍ಯಾಲಿಯ ಚಿತ್ರ ಕತ್ತರಿಸಿ ಬ್ಯಾರನ್ ಬಾಗಿಲಿಗೆ ಅಂಟಿಸಿದ್ದ. ನಮ್ಮ ಗಾಡಿಯೂ ಹಾಗೆ ಹಾರಬೇಕು. ಕಾಡೊಳಗಲ್ಲ, ವೀರನಹೊಸಹಳ್ಳಿ ಗೇಟಿನಾಚೆ ನಾಗರಹೊಳೆ, ಅಲ್ಲಿ ನಮಗೇನೂ ಕೆಲಸವಿರಲಿಲ್ಲ. ನಾಲೆ ಏರಿ, ಎತ್ತಿನಗಾಡಿ ಜಾಡು, ಆನೆ ಕಂದಕದ ಈಚೆಗಿನ ಗೋಮಾಳ, ಇಷ್ಟೇ ನಮ್ಮ ಮರಳುಗಾಡು.

ಕಲ್ಕುಣಿಕೆಯ ಶೆಡ್ಡೊಂದರ ಮೇಸ್ತ್ರಿ ನಮ್ಮ ಗುರು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಇಂಜಿನ್ ಜೋಡಿಸುತ್ತಿದ್ದವರು. 1961ರಿಂದ ಜಾವಾ, ಆಮೇಲೆ ಯೆಜ್ಡಿ ಎಂದು ಬೈಕುಗಳನ್ನು ಹೆತ್ತ ಆ ಗೇಟು 1996ರಲ್ಲಿ ಮುಚ್ಚಿತ್ತು. ಮೇಸ್ತ್ರಿ ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ಗಾಡಿ ಸ್ಟಾರ್ಟ್ ಮಾಡಿಸಿ, ಹೊಗೆಯನ್ನು ಒಂದು ನಿಮಿಷ ನೋಡಿ, "ಎಡಗಡೆ ಕ್ರ್ಯಾಂಕ್ ಸೀಲು ಹೋಗ್ಯದೆ. ಗೇರ್‌ಬಾಕ್ಸ್ ಆಯಿಲ್ ಕುಡೀತಾ ಅದೆ" ಅಂದರು. ಆಮೇಲೆ ಗಾಲಿ ಎತ್ತಿ ತಿರುಗಿಸುತ್ತಾ ಕಡ್ಡಿಗಳಿಗೆ ಸ್ಪ್ಯಾನರ್ ತಾಗಿಸುತ್ತಾ ಹೋದರು. ಬಿಗಿ ಇದ್ದ ಕಡ್ಡಿ ಠಿಣ್ ಎನ್ನುತ್ತಿತ್ತು, ಸಡಿಲವಾದದ್ದು ಠಪ್ ಎನ್ನುತ್ತಿತ್ತು. ಹಿಂದಿನ ಗಾಲಿಯೊಂದರಲ್ಲೇ ಏಳು ಠಪ್ಪುಗಳು. ಮಣ್ಣುದಾರಿಗೆ ಇಳಿಯುವ ಮೊದಲು ಗಾಲಿಯ ಮಾತು ಕೇಳಿಸಿಕೊಳ್ಳುವುದನ್ನು ನಾನು ಕಲಿತದ್ದು ಅವತ್ತು. ಈಗಲೂ ಬೇರೆಯವರ ಬೈಕಿನ ಕಡ್ಡಿಗೆ ಬೀಗದ ಕೈ ತಾಗಿಸಿ ನೋಡುವ ಚಟ ಹೋಗಿಲ್ಲ.

ಸೀಲು ಅವರು ಹಾಕಿಕೊಟ್ಟರು. ಉಳಿದದ್ದು ಬ್ಯಾರನ್ ಮುಂದೆ, ನಾವೇ. ಮೊದಲು ಕ್ರ್ಯಾಶ್‌ಗಾರ್ಡ್, ಇಂಡಿಕೇಟರ್, ಕ್ಯಾರಿಯರ್ ಎಲ್ಲ ಕಳಚಿದೆವು. ಏರ್ ಫಿಲ್ಟರಿಗೆ ಹಳೇ ಪಂಚೆಯ ತುಂಡನ್ನು ಎಣ್ಣೆಯಲ್ಲಿ ಅದ್ದಿ ಸುತ್ತಿದೆವು, ಧೂಳು ಅಲ್ಲೇ ಅಂಟಲಿ ಅಂತ. ಹತ್ತುವ ಬಲ ಬೇಕು, ಹಿಂದೆ ದೊಡ್ಡ ಸ್ಪ್ರಾಕೆಟ್ ಹಾಕೋಣ ಎಂದು ಬಾವ ಹಟ ಹಿಡಿದ. ಆದರೆ ಯೆಜ್ಡಿಯ ಚೈನು ಪೂರ್ತಿ ಡಬ್ಬಿಯೊಳಗೆ. ದೊಡ್ಡದು ಅಲ್ಲಿ ಕೂರುವುದಿಲ್ಲ. ಡಬ್ಬಿ ಕಿತ್ತೆಸೆಯಲು ಹೊರಟವನನ್ನು ಮೇಸ್ತ್ರಿಯೇ ತಡೆದರು: "ಆ ಡಬ್ಬಿ ಇರೋದ್ಕೇ ನಿನ್ನ ಚೈನು ಕೆಸರು ತಿನ್ನದೆ ಬದುಕೋದು ಕಣಪ್ಪ." ಮುಂದಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಕಡಿಮೆ ಮಾಡಿಕೊಟ್ಟರು. ಅಷ್ಟಕ್ಕೇ ಗಾಡಿ ಏರಿನಲ್ಲಿ ಎಮ್ಮೆಯಿಂದ ಮೇಕೆಯಾಯಿತು.

ಸೈಲೆನ್ಸರ್‌ಗಳ ಕತೆ ಬೇರೆ. ಟೂ-ಸ್ಟ್ರೋಕ್ ಗಾಡಿ, ಲೀಟರ್ ಪೆಟ್ರೋಲಿಗೆ 40 ಎಂ.ಎಲ್. ಎಣ್ಣೆ ಬೆರೆಸಿ ಕುಡಿಸಿದ್ದೆಲ್ಲ ಹದಿನಾಲ್ಕು ವರ್ಷದಿಂದ ಕೊಳವೆಯೊಳಗೆ ಕಾರ್ಬನ್ ಆಗಿ ಕೂತಿತ್ತು. ಬೆಂಕಿಗಿಟ್ಟು ಸುಡುವುದು ಎಲ್ಲರೂ ಬಲ್ಲ ಮದ್ದು. ಬೆಂಕಿ ಎದುರಿಗೇ ಇತ್ತಲ್ಲ! ಎರಡನ್ನೂ ಬ್ಯಾರನ್ ಒಲೆಗೆ ತಳ್ಳಿದೆವು. ಹೊಗೆಸೊಪ್ಪು ಎಂದು ಹೆಸರಿದ್ದರೂ ಹೊಗೆ ಸೊಪ್ಪನ್ನು ಮುಟ್ಟುವುದಿಲ್ಲ, ತಗಡಿನ ಕೊಳವೆಯಲ್ಲಿ ಸುತ್ತಿ ಚಿಮಣಿಯಿಂದ ಹೋಗುತ್ತದೆ. ಹಾಗಾಗಿ ವಾಸನೆಯ ಭಯ ಇರಲಿಲ್ಲ. ಶಾಖದ ಲೆಕ್ಕ ಮಾತ್ರ ಮರೆತಿದ್ದೆವು. ಎಣ್ಣೆ ಜಿಡ್ಡಿಗೆ ಬೆಂಕಿ ಹಿಡಿದು ಒಲೆ ಬುಸುಗುಟ್ಟಿತು, ಥರ್ಮಾಮೀಟರ್ ಮೇಲೇರಿತು, ಚಿಮಣಿಯ ಕರೀ ಹೊಗೆ ಕಂಡು ಮಾವ ಮನೆಯಿಂದ ಬರಿಗಾಲಲ್ಲಿ ಓಡಿ ಬಂದರು. ಇಕ್ಕಳದಲ್ಲಿ ಕೆಂಪಗೆ ಕಾದ ಕೊಳವೆ ಹಿಡಿದು ನಿಂತ ಮಗನನ್ನು ನೋಡಿ, ಬೈಯಲು ಬಾಯಿ ತೆರೆದವರು ನಕ್ಕುಬಿಟ್ಟರು. ಆಮೇಲೆ ಬೈದರು ಅನ್ನಿ.

ಸೆಪ್ಟೆಂಬರಿನಲ್ಲಿ ಗಾಡಿ ಹೊರಬಿತ್ತು. ಹುಣಸೂರಿನ ಕೆಂಪು ಗರಸಿನ ಮೇಲೆ ನಾವೇ ರಾಜರು. ಟೈರಿನ ಗಾಳಿ ಇಳಿಸಿದರೆ ಹಿಡಿತ ಹೆಚ್ಚು ಎಂದು ತಿಳಿದಿದ್ದೆವು; ಅತಿ ಇಳಿಸಿದರೆ ಟೈರಿನೊಳಗೆ ಟ್ಯೂಬು ಜಾರಿ ವಾಲ್ವಿನ ಬುಡ ಹರಿಯುತ್ತದೆ ಎಂದು ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ತಪ್ಪಲಲ್ಲಿ ತಿಳಿಯಿತು. ಬೆಟ್ಟದ ಮೇಲೆ ಸಿಡಿಲು ಮಲ್ಲಿಕಾರ್ಜುನನ ಗುಡಿ, ಕೆಳಗೆ ನಾವು, ನಡುವೆ ಮೂರು ಮೈಲಿ ಗಾಡಿ ತಳ್ಳುವ ಸೇವೆ. ಚುಂಚನಕಟ್ಟೆ ಜಾತ್ರೆಗೆ ಹೋದಾಗ ಗದ್ದೆಯ ಕಾಲುವೆ ದಾಟಲು ಹೋಗಿ ನಡುನೀರಲ್ಲಿ ಇಂಜಿನ್ ನಿಂತಿತು. ಕಿಡಿ ಹೊತ್ತಿಸುವ ಪಾಯಿಂಟ್ಸ್ ಇರುವುದು ಬಲಗಡೆಯ ಮುಚ್ಚಳದೊಳಗೆ, ಮೊಣಕಾಲಿಗಿಂತ ಕೆಳಗೆ. ಮುಚ್ಚಳದ ಅಂಚಿಗೆ ಗ್ರೀಸು ಮೆತ್ತುವುದು ಅಂದಿನಿಂದ ಶುರು.

ನಿಜವಾದ ಪಾಠ ಕಲಿಸಿದ್ದು ಕೋಟೆ ತಾಲ್ಲೂಕು. ಸರಗೂರು ಆಗಿನ್ನೂ ಹೆಗ್ಗಡದೇವನಕೋಟೆಗೇ ಸೇರಿತ್ತು. ಅಲ್ಲಿಯ ಹತ್ತಿ ಹೊಲದ ನಡುವಿನ ಜಾಡಿಗೆ ಇಳಿದು ಅರ್ಧ ಫರ್ಲಾಂಗು ಹೋಗಿರಲಿಲ್ಲ, ಹಿಂದಿನ ರಾತ್ರಿಯ ಮಳೆಗೆ ನೆನೆದಿದ್ದ ಎರೆಮಣ್ಣು ರೊಟ್ಟಿ ಹಿಟ್ಟಿನ ಹಾಗೆ ಟೈರಿಗೆ ಅಂಟಿ, ಮಡ್‌ಗಾರ್ಡಿನೊಳಗೆ ತುಂಬಿ, ಮುಂದಿನ ಗಾಲಿ ತಿರುಗುವುದನ್ನೇ ಬಿಟ್ಟಿತು. ತಳ್ಳಿದರೆ ಜಾರುತ್ತದೆ, ಉರುಳುವುದಿಲ್ಲ. ಕೋಲಿನಿಂದ ಕೆರೆದೆವು, ಹತ್ತು ಮಾರು ಹೋಗುವುದರೊಳಗೆ ಮತ್ತೆ ತುಂಬಿತು. ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸೊಬ್ಬರು ಸೊಂಟ ನೆಟ್ಟಗೆ ಮಾಡಿಕೊಂಡು ನೋಡಿದರು. "ಮಳೆ ಬಂದಾಗ ನಾವು ಎತ್ತಿನಗಾಡೀನೇ ಇಳ್ಸಕ್ಕಿಲ್ಲ, ನೀವ್ ಇದ್ನ ತಂದಿದ್ದೀರಲ್ಲ ಮಕ್ಳಾ?" ಬಾವ ಉತ್ತರ ಕೊಡಲಿಲ್ಲ. ಸ್ಪ್ಯಾನರ್ ತೆಗೆದು ಅಲ್ಲೇ ಕೆಸರಲ್ಲಿ ಕೂತು ಮುಂದಿನ ಮಡ್‌ಗಾರ್ಡ್ ಬಿಚ್ಚಿ, ನನ್ನ ಬೆನ್ನಿಗೆ ಹಗ್ಗದಲ್ಲಿ ಕಟ್ಟಿದ. ಆಮೆಯ ಹಾಗೆ ಕೂತು ನಾನು ಹನಗೋಡಿನವರೆಗೆ ಬಂದೆ. ದಾರಿಯುದ್ದಕ್ಕೂ ಗಾಲಿ ಎರಚಿದ ಕೆಸರು ಬಾವನ ಮುಖಕ್ಕೆ. ಬೆನ್ನ ಹಿಂದೆ ಕೂತ ನನಗೆ ನಗು ತಡೆಯಲಾಗಲಿಲ್ಲ.

2015ರಲ್ಲಿ ಬೆಂಗಳೂರಿನ ಬೈಕ್ ಸವಾರ ಸಿ.ಎಸ್. ಸಂತೋಷ್ ಡಕಾರ್ ರ್‍ಯಾಲಿ ಮುಗಿಸಿದ ಮೊದಲ ಭಾರತೀಯನಾದಾಗ ಬಾವ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಬಂತು. ಅಡ್ವೆಂಚರ್ ಎಂಬ ಮಾಡೆಲ್ಲು ಮಣ್ಣುದಾರಿಗೆಂದೇ ತಯಾರಾಗಿ ಬಂತು. ಮೈಸೂರಿನಲ್ಲಿ ಅಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. ಶೋರೂಮಿನಲ್ಲಿ ಅದರ ಸುತ್ತ ಎರಡು ಸುತ್ತು ಬಂದು ಬಾವ ಕೇಳಿದ್ದು ಒಂದೇ: "ಇದ್ರಲ್ಲಿ ನಾವು ಬಿಚ್ಚೋಕೆ ಏನದೆ ಹೇಳು?"

ಮೇಸ್ತ್ರಿ ಈಗಿಲ್ಲ. ಬಾವನ ಮೊಣಕಾಲು ಕಿಕ್ಕರ್ ಒದೆಯಲು ಒಪ್ಪುವುದಿಲ್ಲ. ಸೊಪ್ಪು ಬೇಯಿಸುವುದು ನಿಲ್ಲಿಸಿದ ಬ್ಯಾರನ್‌ನೊಳಗೆ ರೋಡ್‌ಕಿಂಗ್ ನಿಂತಿದೆ. ಹೋದ ದೀಪಾವಳಿಗೆ ಅದನ್ನು ಒರೆಸಿ, ಹಳೇ ಮಡ್‌ಗಾರ್ಡ್ ಸಿಕ್ಕರೆ ತೊಡಿಸಿ ನಿಲ್ಲಿಸೋಣ ಎಂದು ಹುಡುಕಿದೆ. ಹಿತ್ತಲಲ್ಲಿ ಸಿಕ್ಕಿತು: ಅಂಗಾತ ಮಾಡಿ, ಎರಡೂ ತುದಿಗೆ ಮಣ್ಣು ಮೆತ್ತಿ, ಅತ್ತೆ ಅದರಲ್ಲಿ ನೀರು ತುಂಬಿಸಿಟ್ಟಿದ್ದಳು. ಎತ್ತಲು ಬಗ್ಗಿದೆ.

"ಮುಟ್ಬ್ಯಾಡ ಕಣಪ್ಪ" ಅಂದಳು ಅತ್ತೆ, ಅಡುಗೆಮನೆ ಬಾಗಿಲಿಂದಲೇ. "ಕೋಳಿ ನೀರು ಕುಡೀತವೆ."