ನಾಪತ್ತೆ ಸುದ್ದಿ ಮತ್ತು ಹೆಣ್ಮಕ್ಕಳ ಬಾರು

ನಮಗೆ ಅರ್ಧ ಸುದ್ದಿ ಸಿಗುವುದು ಬಾರಿನಲ್ಲಿ. ವಾಡಿಯಲ್ಲೋ ಶಹಾಬಾದಿನಲ್ಲೋ ಒಂದು ಸೋಡಾ ತರಿಸಿಕೊಂಡು ಕೂತರೆ ಸಾಕು. ಸಿಮೆಂಟ್ ಲಾರಿಯವರು, ಫರಸಿ ಖಣಿಯವರು, ಗುತ್ತಿಗೆದಾರರು, ಎಲ್ಲರೂ ಅಲ್ಲಿ ಬಾಯಿ ಬಿಡುತ್ತಾರೆ. ಹೆಣ್ಮಕ್ಕಳು ಕಾಣುವುದು ಬಾಗಿಲ ಹೊರಗೆ, ಗಂಡನನ್ನು ಕರೆಯಲು ಬಂದಾಗ.

ಕೆಲವು ವರ್ಷಗಳ ಹಿಂದೆ ಸೇಡಂ ಕಡೆಯ ಇಬ್ಬರು ಗೆಳತಿಯರು ಊರು ಬಿಟ್ಟರು. ಇಬ್ಬರಿಗೂ 18 ದಾಟಿತ್ತು. ನಾವು 'ಯುವತಿಯರು ನಾಪತ್ತೆ' ಅಂತ ನಾಲ್ಕು ಸಾಲು ಬರೆದು ಫೋಟೊ ಸಮೇತ ಕಳಿಸಿದೆವು. ಅವರು ಯಾಕೆ ಹೋದರು ಅನ್ನುವುದು ನಮಗೆ ಗೊತ್ತಿತ್ತು. ಬಾರಿನಲ್ಲೇ ಕೇಳಿದ್ದೆವು, ಎಲ್ಲರೂ ನಗುತ್ತಿದ್ದರು. ನಾವೂ ನಕ್ಕಿದ್ದೆವು.

ತಿಂಗಳಾದ ಮೇಲೆ ಫೋನ್ ಬಂತು. "ಅಣ್ಣಾ, ನಾವು ಕಳದಿಲ್ಲ, ಹೋಗೀವಿ. ಫೋಟೊ ಯಾಕ್ ಹಾಕಿದ್ರಿ? ವಾಟ್ಸ್ಆ್ಯಪ್‌ದಾಗ ನೋಡಿ ಮಾಲಕ ಖೋಲಿ ಖಾಲಿ ಮಾಡಿಸ್ಯಾನ." ಏನು ಹೇಳಬೇಕೋ ತಿಳಿಯಲಿಲ್ಲ. ಈಗ ಎಲ್ಲಿದ್ದೀರಿ ಅಂದೆವು. ಬೆಂಗಳೂರಿನಲ್ಲಿ ತಮ್ಮಂಥವರು ಕೂಡುವ ಒಂದು ಜಾಗದಲ್ಲಿ ಪರಿಚಯವಾದವರು ಬೇರೆ ಖೋಲಿ ಹುಡುಕಿ ಕೊಟ್ಟರಂತೆ.

ಅಂಥ ಜಾಗ ಅಂದರೆ ಏನು ಅಂತ ಓದತೊಡಗಿದ್ದು ಆಮೇಲೆಯೇ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೆಣ್ಣನ್ನೇ ಪ್ರೀತಿಸುವ ಹೆಣ್ಮಕ್ಕಳಿಗಾಗಿ, ಅಂದರೆ ಲೆಸ್ಬಿಯನ್ನರಿಗಾಗಿ, 'ಮಾಡ್ಸ್' ಎಂಬ ಬಾರು 1966ರಿಂದ 1989ರವರೆಗೆ ನಡೆಯಿತು. ತೆರೆದಾಕೆ ರಿಕಿ ಸ್ಟ್ರೈಕರ್. ಶುರುವಿನಲ್ಲಿ ಕೌಂಟರಿನಲ್ಲಿ ಮದ್ಯ ಬೆರೆಸಲು ಹೆಣ್ಣಾಳು ಇಡಲು ಅಲ್ಲಿಯ ಕಾನೂನು ಬಿಡುತ್ತಿರಲಿಲ್ಲ. ಹಾಗಾಗಿ ಹೆಂಗಸರ ಬಾರಿನಲ್ಲಿ ಗಂಡಸರು ಗ್ಲಾಸು ತುಂಬಿದರು! 1971ರಲ್ಲಿ ನ್ಯಾಯಾಲಯ ಆ ಕಾನೂನನ್ನು ರದ್ದು ಮಾಡಿತು.

ಅಲ್ಲಿಗೆ ಬಂದವರೆಲ್ಲ ಕುಡಿಯಲಿಕ್ಕೇ ಬಂದವರಲ್ಲ. ಹೊಸದಾಗಿ ಊರಿಗೆ ಬಂದವಳಿಗೆ ಗೆಳತಿಯರು ಸಿಗುತ್ತಿದ್ದರು. ಬಾರಿನ ಹೆಸರಿನಲ್ಲಿ ಸಾಫ್ಟ್‌ಬಾಲ್ ಆಡುವ ಹೆಣ್ಮಕ್ಕಳ ತಂಡ ಇತ್ತು. ಇವತ್ತು ಆ ಊರಿನ ಒಂದು ಆಟದ ಮೈದಾನಕ್ಕೆ ರಿಕಿಯ ಹೆಸರಿದೆ. ಬಾರು ನಡೆಸಿದವರ ಹೆಸರು ನಮ್ಮ ಕಡೆ ಯಾವ ಮೈದಾನಕ್ಕೆ ಇಟ್ಟಾರು!

ಬೆಂಗಳೂರಿನಲ್ಲಿ ಇಂಥ ಕೂಟಗಳು ಬಾರಿಲ್ಲದೆಯೇ ಬೆಳೆದವು. 1994ರಲ್ಲಿ ಹುಟ್ಟಿದ 'ಗುಡ್ ಆ್ಯಸ್ ಯೂ' ಗುಂಪು ಗುರುವಾರ ಸಂಜೆ ಸೇರುತ್ತ ಬಂತು. ಕಬ್ಬನ್ ಪಾರ್ಕಿನ ಹುಲ್ಲಿನ ಮೇಲೆ ಕೂಡುವವರೂ ಇದ್ದಾರೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಒಪ್ಪಿಗೆಯ ವಯಸ್ಕರ ಇಂಥ ಸಂಬಂಧ ಅಪರಾಧವಲ್ಲ ಎಂದಿತು. ಚಿತ್ತಾಪುರ, ಚಿಂಚೋಳಿಯಲ್ಲೂ ಅದೇ ಕಾನೂನು.

ಈಗ ವಯಸ್ಸಿಗೆ ಬಂದವರ ನಾಪತ್ತೆ ಸುದ್ದಿ ಬಂದರೆ, ತಾವಾಗಿ ಹೋದರೋ ಎಂದು ಮೊದಲು ಠಾಣೆಯಲ್ಲಿ ಕೇಳುತ್ತೇವೆ. ಹೌದಾದರೆ ಫೋಟೊ ಕಳಿಸುವುದಿಲ್ಲ. ಡೆಸ್ಕಿನವರು ಬೈಯುತ್ತಾರೆ.

ಊರಲ್ಲಿದ್ದಾಗ ಎಲ್ಲಿ ಕೂತು ಮಾತಾಡ್ತಿದ್ರಿ ಅಂತ ಒಮ್ಮೆ ಆಕೆಯನ್ನು ಕೇಳಿದ್ದೆವು. "ವಾಡಿ ಟೇಶನ್ನಿನ ಬೆಂಚಿನ ಮ್ಯಾಲ, ಅಣ್ಣಾ. ಗಾಡಿ ಕಾಯ್ತಾರ ಅಂದ್ಕೊಂಡು ಯಾರೂ ಏನೂ ಕೇಳ್ತಿರಲಿಲ್ಲ."