ಮಳೆ ರಾತ್ರಿ ಬ್ಯಾಟರಿ ಹಿಡ್ಕೊಂಡು ಗೋಡೆ ನೋಡೋನು

ನಿನ್ನೆ ಸಂಜೆ ನಾಲ್ಕು ಗಂಟೆಗೆ ಪಡುವಲ ಗುಡ್ಡದ ಮೇಲೆ ಮೋಡ ಕಟ್ಟಿತು. ತೋಟದಲ್ಲಿ ಬಾಳೆಗೆ ಗೊಬ್ಬರ ಹಾಕ್ತಿದ್ದೆ. ಮೊದಲ ಗುಡುಗು ಕೇಳಿದ್ದೇ ತಡ, ಬುಟ್ಟಿ ಅಲ್ಲೇ ಬಿಟ್ಟು ಮನೆ ಕಡೆ ಓಡಿದೆ. ಸಿಡಿಲಿಗೆ ಹೆದರಿ ಓಡಿದ್ರೆ ಬುದ್ಧಿವಂತ ಅನ್ನಬಹುದಿತ್ತು. ನಾನು ನೇರ ಮಲಗೋ ಕೋಣೆಗೆ ಹೋಗಿ ಬೀರುವಿನ ಹಿಂದೆ ಕೈ ಹಾಕಿ ಗೋಡೆ ಮುಟ್ಟಿ ನೋಡಿದೆ. ಒಣಗೇ ಇತ್ತು. ಹೊರಗೆ ಇನ್ನೂ ಒಂದು ಹನಿ ಬಿದ್ದಿರಲಿಲ್ಲ.

ತೀರ್ಥಹಳ್ಳಿ ಸೀಮೆಯ ಮಳೆಯಲ್ಲೇ ಹುಟ್ಟಿ ಬೆಳೆದ 56 ವರ್ಷದವನು ಮಳೆಗೆ ಹೆದರ್ತೀನಿ ಅಂದ್ರೆ ನಗ್ತೀರಿ. ನಗಿ, ಆದ್ರೆ ಪೂರ್ತಿ ಓದಿ.

2019ರ ಆಗಸ್ಟ್, ಆಶ್ಲೇಷ ಮಳೆ. ಮಲೆನಾಡಿನವರಿಗೆ ಆ ದಿನಗಳನ್ನ ನೆನಪು ಮಾಡಿಕೊಡಬೇಕಾಗಿಲ್ಲ. ನಮ್ಮನೆ ಪಡುವಲ ಮಾಡಿನ ಮೇಲೆ ಹಲಸಿನ ಕೊಂಬೆ ಮುರಿದು ಬಿದ್ದು ಹಂಚು ಒಡೀತು. ಟಾರ್ಪಾಲು ಎಳೆದು ಕಟ್ಟಿದೆ. ತೋಟದಲ್ಲಿ ಕೊಳೆ ಶುರುವಾಗಿತ್ತು, ಗದ್ದೆ ಬದು ಒಡೆದಿತ್ತು, ಗೋಡೆ ನೋಡೋಕೆ ಪುರಸೊತ್ತೆಲ್ಲಿ? ಹಳೇ ಮಣ್ಣಿನ ಗೋಡೆ, ಸದ್ದಿಲ್ಲದೆ ನೀರು ಕುಡೀತು. ಗೌರಿ ಹಬ್ಬದ ಹೊತ್ತಿಗೆ ಬೂಷ್ಟು ಕಂಡಿತು. ಬಟ್ಟೆಯಲ್ಲಿ ಒರೆಸಿ ಮೇಲೆ ಬಣ್ಣ ಬಳಿದೆ. ಕೆಲಸ ಮುಗೀತು ಅಂದ್ಕೊಂಡೆ.

ನಮ್ಮನೆಯವಳಿಗೆ ಕೆಮ್ಮು ಶುರುವಾಗಿದ್ದು ಅದೇ ತಿಂಗಳು. ಶೀತ ಅಂದೆ. ದೀಪಾವಳಿ ಹೊತ್ತಿಗೆ ಅರ್ಧರಾತ್ರಿ ಎದ್ದು ಕೂತು ಕೆಮ್ಮೋಳು. ಕಷಾಯ ಕುಡಿ ಅಂದೆ. "ಈ ಕೋಣೇಲಿ ಮಲಗಿದ್ರೆ ಜಾಸ್ತಿ ಆಗುತ್ತೆ ರೀ" ಅಂತ ಅವಳು ಎರಡು ಸಲ ಹೇಳಿದ್ದಳು. ಕೊಯ್ಲಿನ ಗಡಿಬಿಡಿಯಲ್ಲಿ "ನಿಂಗೆ ಎಲ್ಲದಕ್ಕೂ ಒಂದು ನೆಪ ಬೇಕು" ಅಂದುಬಿಟ್ಟೆ. ಜನವರಿಯಲ್ಲಿ ಉಬ್ಬಸ ಏರಿ ಶಿವಮೊಗ್ಗಕ್ಕೆ ಕರ್ಕೊಂಡು ಹೋದಾಗ ಡಾಕ್ಟರು ಕೇಳಿದ್ದು, "ಮನೇಲಿ ಗೋಡೆ ಒದ್ದೆ ಇದೆಯಾ? ಬೂಷ್ಟು ಹಿಡಿದಿದೆಯಾ?" ವಾಪಸ್ ಬಂದು ಬೀರು ಸರಿಸಿದೆ. ಹಿಂದೆ ಆಳೆತ್ತರಕ್ಕೆ ಕರಿ ಕಂಬಳಿ ಹೊದಿಸಿದ ಹಾಗಿತ್ತು. ಅವಳ ತಲೆದಿಂಬಿಗೆ ಎರಡು ಮೊಳ ದೂರ.

1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು ಅಂತ ಲೆಕ್ಕ ಹಾಕಿ, ಮಳೆ ಹಿಡಿಯೋಕೆ ಮೊದಲೇ ಅಡಿಕೆಗೆ ಬೋರ್ಡೋ ಹೊಡೆಸೋನು ನಾನು. ಕಾಯಿ ಮೇಲೆ ಬಿಳಿ ಬೂಷ್ಟು ಕಂಡ ಮೇಲೆ ಹೊಡೆದು ಏನುಪಯೋಗ ಅಂತ ಊರಿಗೆಲ್ಲ ಹೇಳ್ತಿದ್ದೆ. ಗೊನೆಗೆ ಕೊಟ್ಟ ಗಮನ ಹೆಂಡತಿ ಮಾತಿಗೆ ಕೊಡಲಿಲ್ಲ.

ಗಾರೆ ಕೆತ್ತಿಸಿ, ಹಂಚು ಬದಲಿಸಿ, ಬೇಸಿಗೆ ಪೂರ್ತಿ ಗೋಡೆ ಒಣಗಿಸಿ ಸುಣ್ಣದ ಗಾರೆ ಮಾಡಿಸಿದ್ವಿ. ಅವಳು ನಿಧಾನಕ್ಕೆ ಸುಧಾರಿಸಿಕೊಂಡಳು. ಮಳೆಗಾಲದಲ್ಲಿ ಪಂಪ್ ಮಾತ್ರ ತಲೆದಿಂಬಿನ ಪಕ್ಕ ಇರುತ್ತೆ.

ನನಗೆ ಶುರುವಾಗಿದ್ದು ಆಮೇಲೆ. ಮೋಡ ಕಂಡ್ರೆ ಎದೆ ಹಿಡಿದ ಹಾಗೆ. ಎಲ್ಲೋ ಒದ್ದೆ ಗೋಣಿ ವಾಸನೆ ಬಂದ್ರೆ ಕೈ ನಡುಗೋದು. ರಾತ್ರಿ ಗಾಳಿ ಎದ್ದರೆ ಎರಡು ಗಂಟೆಗೆ ಬ್ಯಾಟರಿ ಹಿಡ್ಕೊಂಡು ಕೋಣೆ ಕೋಣೆ ಸುತ್ತೋದು. ಒಂದಿನ ಅವಳೇ ಎದ್ದು ಬಂದು, "ಉಬ್ಬಸ ಬಂದಿದ್ದು ನಂಗೆ, ಹಿಡ್ಕೊಂಡಿದ್ದು ನಿಮ್ಗೆ" ಅಂದಳು. ಇಬ್ಬರೂ ನಕ್ಕೆವು. ಆಮೇಲೆ ಅಡುಗೆಮನೇಲಿ ಕೂತು ಮೊದಲ ಸಲ ಆ "ನೆಪ" ಅನ್ನೋ ಮಾತಿಗೆ ತಪ್ಪಾಯ್ತು ಅಂದೆ. ಅವಳಿಗೆ ಅದು ನೆನಪಿತ್ತು. ನಾನು ಹೆದರ್ತಿದ್ದಿದ್ದು ಬರೀ ಮಳೆಗಲ್ಲ, ಇನ್ನೊಂದ್ಸಲ ಕಿವುಡನಾಗ್ತೀನಾ ಅಂತ.

ನಮ್ಮೂರ ಆಸ್ಪತ್ರೆ ಡಾಕ್ಟರಮ್ಮನ ಹತ್ತಿರ ಹೇಳಿಕೊಂಡೆ. ಹೀಗಾಗೋದುಂಟು, ನಾಚಿಕೆ ಪಡಬೇಡಿ, ಮುಚ್ಚಿಡಬೇಡಿ, ನಿದ್ದೆ ಕೆಡ್ತಾನೇ ಹೋದ್ರೆ ಮತ್ತೆ ಬನ್ನಿ ಅಂದ್ರು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಈಗ ಹೆದರಿಕೆಗೆ ಕೆಲಸ ಹಂಚಿಕೊಟ್ಟಿದ್ದೀನಿ.

ಮಳೆಗೆ ಮೊದಲು: ಮೇ ತಿಂಗಳಲ್ಲೇ ಹಂಚು ಕೈಯಾಡಿಸೋದು. ಅಪ್ಪನ ಕಾಲದಲ್ಲಿ ಇರಚಲು ಹೊಡೆಯೋ ಗೋಡೆಗೆ ಸೋಗೆ ತಟ್ಟಿ ಕಟ್ಟೋರು, ನಾನು ನಾಚಿಕೊಂಡು ಬಿಟ್ಟಿದ್ದೆ. ಈಗ ಮತ್ತೆ ಕಟ್ತೀನಿ. ಬೀರು, ಮಂಚ ಗೋಡೆಯಿಂದ ಒಂದು ಗೇಣು ಈಚೆಗೆ.

ಮಳೆ ಹೊಡೀವಾಗ: ಏನೂ ಇಲ್ಲ. ಇದೇ ಕಷ್ಟದ್ದು. ಮೊಬೈಲಲ್ಲಿ ಹವಾಮಾನ ಎರಡೇ ಸಲ ನೋಡೋದು, ಆಮೇಲೆ ಒಲೆ ಮುಂದೆ ಕೂರೋದು.

ಮಳೆ ಬಿಟ್ಟ ಮೇಲೆ: ಬೆಳಕಲ್ಲಿ ಒಂದೇ ಸಲ ಎಲ್ಲಾ ಗೋಡೆ ನೋಡೋದು. ಒದ್ದೆಯಾದ ಹಾಸಿಗೆ, ಗೋಣಿ, ಬಟ್ಟೆ ಒಂದೆರಡು ದಿನದೊಳಗೆ ಒಣಗಿಸೋದು. ತಡವಾದ್ರೆ ಬೂಷ್ಟು ಹಿಡಿಯುತ್ತೆ. ಬೂಷ್ಟಿದ್ರೆ ಮೂಗಿಗೆ ಮಾಸ್ಕ್ ಕಟ್ಟಿ ಸೋಪಿನ ನೀರಲ್ಲಿ ಉಜ್ಜಿ ಒಣಗಿಸೋದು, ನೀರು ಎಲ್ಲಿಂದ ಬರ್ತಿದೆ ಅಂತ ಹುಡುಕೋದು. ಮೇಲೆ ಬಣ್ಣ ಬಳಿದ್ರೆ ಕಣ್ಣಿಗೆ ಮರೆ, ಅಷ್ಟೇ.

ಹೆದರಿಕೆ ಹೋಯ್ತು ಅಂತ ಸುಳ್ಳು ಹೇಳಲ್ಲ, ನಿನ್ನೆಯದ್ದು ಮೇಲೆ ಬರೆದಿದ್ದೀನಲ್ಲ. ಆದ್ರೆ ರಾತ್ರಿ ಏಳಲಿಲ್ಲ. ಎಚ್ಚರ ಇತ್ತು, ಅವಳ ಉಸಿರು ಕೇಳ್ತಾ ಮಲಗಿದ್ದೆ. ಸಲೀಸಾಗಿ ಆಡ್ತಿತ್ತು.

ನಿಮ್ಮ ಮನೇಲಿ ಯಾರಾದ್ರೂ ವಾರಗಟ್ಟಲೆ ಕೆಮ್ತಿದ್ರೆ ಡಾಕ್ಟರಿಗೆ ತೋರಿಸಿ. ಇವತ್ತೇ ಬೀರು ಸರಿಸಿ ಹಿಂದೆ ನೋಡಿ. ತೋಟದ ಕೆಲಸ ನಾಳೆಗಿರಲಿ.